ಹದಿನಾಲ್ಕು ಸಿಗಾರು, ಒಂದು ಸ್ಪಂಜು

ಗಂಗಲಕ್ಷ್ಮಮ್ಮನ ಬೆಳಗು ಶುರುವಾಗುವುದು ಸ್ಪಂಜಿನಿಂದ. ಬಾಗಿಲಿಗೆ ನೀರು ಹಾಕುವುದು, ಕಾಫಿಗೆ ಇಡುವುದು, ಗಂಡನನ್ನು ಎಬ್ಬಿಸಿ ಕೂರಿಸಿ ಮುಖ ತೊಳೆಸುವುದು, ಇವೆಲ್ಲ ಆಮೇಲೆ. ಮಿಡಿಗೇಶಿಯಲ್ಲಿ ಅಷ್ಟು ಬೇಗ ಏಳುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಹಾಲು ಕರೆಯಲು ಏಳುವವರಿದ್ದಾರೆ, ನಲ್ಲಿ ನೀರು ಹಿಡಿಯಲು ಏಳುವವರಿದ್ದಾರೆ. ಸೋಪಿನ ಡಬ್ಬಿಯೊಳಗಿನ ಒಂದು ತುಂಡು ಸ್ಪಂಜನ್ನು ಒದ್ದೆ ಮಾಡಲು ಏಳುವವಳು ಇವಳೊಬ್ಬಳೇ ಇರಬೇಕು. ಅದಕ್ಕೆ ನಲ್ಲಿ ನೀರು ಆಗದು. ಅದರಲ್ಲಿರುವ ಉಪ್ಪು ಸ್ಪಂಜಿನ ಮೇಲೆ ಬಿಳಿಯಾಗಿ ಕೂತುಬಿಡುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತಂದ ನೀರೇ ಬೇಕು. ಕ್ಯಾನು ಖಾಲಿಯಾಗುತ್ತಾ ಬಂದರೆ ಅವಳು ನಲ್ಲಿ ನೀರು ಕುಡಿದು, ಕೊನೆಯ ಲೋಟವನ್ನು ಸ್ಪಂಜಿಗೆ ಉಳಿಸುತ್ತಾಳೆ.

ನಡುಮನೆಯಲ್ಲಿ ಬೇರೆಯವರು ಟೀವಿ ಇಡುವ ಜಾಗದಲ್ಲಿ ಇವರ ಮನೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಮೀನು ಸಾಕುವ ತೊಟ್ಟಿ. ಮಧುಗಿರಿಯಲ್ಲಿ ಯಾರೋ ಅಂಗಡಿ ಮುಚ್ಚುವಾಗ ಗಂಡ ಓಬಳರಾಜು ಕೇಳಿ ತಂದದ್ದು. ಅದರಲ್ಲಿ ಮೀನೂ ಇಲ್ಲ, ನೀರೂ ಇಲ್ಲ. ತಳಕ್ಕೆ ಕೆಂಪು ಬ್ಲೌಸ್ ಪೀಸು ಹಾಸಿ, ಅದರ ಮೇಲೆ ಹದಿನಾಲ್ಕು ಸಿಗಾರುಗಳನ್ನು ಎರಡು ಸಾಲಾಗಿ ಮಲಗಿಸಿದೆ. ಒಂದೊಂದರ ಸೊಂಟಕ್ಕೂ ಬಣ್ಣದ ಕಾಗದದ ಉಂಗುರ. ಒಂದು ಮೂಲೆಯಲ್ಲಿ ತೂತು ಕೊರೆದ ಸೋಪಿನ ಡಬ್ಬಿ, ಅದರೊಳಗೆ ಸ್ಪಂಜು. ಇನ್ನೊಂದು ಮೂಲೆಯಲ್ಲಿ ಗಡಿಯಾರದಂಥದೊಂದು ಪುಟ್ಟ ಬಿಲ್ಲೆ. ಅದು ಹೊತ್ತು ತೋರಿಸುವುದಿಲ್ಲ, ತೇವ ತೋರಿಸುತ್ತದೆ. ಮುಳ್ಳು ಅರವತ್ತೈದು, ಎಪ್ಪತ್ತರ ನಡುವೆ ನಿಂತಿರಬೇಕು. ಇಳಿದರೆ ಸಿಗಾರು ಬಿರಿಯುತ್ತದೆ, ಏರಿದರೆ ಬೂಷ್ಟು ಹಿಡಿಯುತ್ತದೆ. ಮೇಲೊಂದು ಗಾಜಿನ ಮುಚ್ಚಳ, ಅದರ ಅಂಚಿಗೆ ಗಾಳಿ ಆಡದಂತೆ ರಬ್ಬರು.

"ಮುಳ್ಳು ಎಲ್ಲೈತೆ?" ಮಂಚದ ಮೇಲಿಂದ ಓಬಳರಾಜು ಕೇಳುತ್ತಾನೆ.

"ಅರವತ್ತೆಂಟು."

"ಸ್ಪಂಜು ಹಿಂಡಿದ್ಯಾ? ತೊಟ್ಟಿಕ್ಕಬಾರ್ದು."

"ಹಿಂಡಿವ್ನಿ."

"ಎರಡ್ ಸಲ?"

"ಎರಡ್ ಸಲ."

ಮೂರು ವರ್ಷದಿಂದ ದಿನವೂ ಇದೇ ಮಾತು. ಹೊಸದಾಗಿ ಮದುವೆಯಾದಾಗಲೂ ಅವನು ಅವಳೊಂದಿಗೆ ಇಷ್ಟು ತಪ್ಪದೆ ಮಾತಾಡಿದವನಲ್ಲ.

ಓಬಳರಾಜು ಡ್ರೈವರು. ಪಾವಗಡದ ಕಡೆ ಸೋಲಾರ್ ಕೆಲಸ ಶುರುವಾದಾಗ ಊರೂರಿನಿಂದ ಎಂಜಿನಿಯರುಗಳು ಬಂದರು. ಮಲಯಾಳದವರು, ಗುಜರಾತಿನವರು, ಒಂದಿಬ್ಬರು ಹೊರದೇಶದವರು. ಅವರನ್ನು ಬೆಂಗಳೂರಿನ ವಿಮಾನ ನಿಲ್ದಾಣದಿಂದ ಕರೆತಂದು, ಬಂಡೆಗಳ ನಡುವೆ ಸುತ್ತಿಸಿ, ಮತ್ತೆ ವಿಮಾನಕ್ಕೆ ಮುಟ್ಟಿಸುವ ಕೆಲಸ ಇವನದಾಯಿತು. ಒಂದೊಂದು ಕೆಲಸ ಮುಗಿದಾಗಲೂ ಸಾಹೇಬರುಗಳು ಸಿಗಾರು ಹಚ್ಚಿ ಸಂಭ್ರಮ ಪಡುತ್ತಿದ್ದರು. ಹೋಗುವಾಗ ಡ್ರೈವರಿನ ಬೆನ್ನು ತಟ್ಟಿ ಒಂದು ಕೊಟ್ಟು ಹೋಗುತ್ತಿದ್ದರು. ಇವನು ಒಂದನ್ನೂ ಸೇದಲಿಲ್ಲ. ಕಾರಿನಲ್ಲಿ ವಾಸನೆ ಬಂದರೆ ಸಾಹೇಬರಿಗೆ ಆಗದೆಂದು ಇವನು ಬೀಡಿಯನ್ನೇ ಬಿಟ್ಟಿದ್ದ. ಕೊಟ್ಟದ್ದನ್ನೆಲ್ಲ ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದ. ಮೆನನ್ ಸಾಹೇಬರೆಂಬ ಒಬ್ಬರು, ಇದನ್ನು ಹೀಗೆ ಬೀರುವಿನಲ್ಲಿ ಇಟ್ಟರೆ ನಿಮ್ಮೂರಿನ ಬಿಸಿಲಿಗೆ ಒಂದು ವಾರದಲ್ಲಿ ಹಪ್ಪಳವಾಗುತ್ತದೆ ಎಂದು ಹೇಳಿ, ಆ ತೇವದ ಬಿಲ್ಲೆ ತರಿಸಿಕೊಟ್ಟು, ಸ್ಪಂಜಿನ ಉಪಾಯ ಕಲಿಸಿದರು. ಕಲಿತವನು ಓಬಳರಾಜು, ಮಾಡುವವಳು ಗಂಗಲಕ್ಷ್ಮಮ್ಮ. ಅವನು ಡ್ಯೂಟಿಯ ಮೇಲೆ ನಾಲ್ಕು ದಿನ ಹೊರಗಿರುತ್ತಿದ್ದ. ಸ್ಪಂಜು ಒಣಗುವುದಕ್ಕೆ ಒಂದು ದಿನ ಸಾಕಾಗಿತ್ತು.

ಮನೆಗೆ ಯಾರೇ ಬರಲಿ, ಮೊದಲು ತೊಟ್ಟಿಯ ಮುಂದೆ ನಿಲ್ಲಿಸುತ್ತಿದ್ದ. "ಇದು ಮೆನನ್ ಸಾಹೇಬ್ರುದು, ಕೆಂಪು ಉಂಗುರದ್ದು. ಕ್ಯೂಬಾ ಅಂತ ಒಂದು ದೇಸ ಐತೆ, ಅಲ್ಲೀದು. ಇದು ಬಿಳೀ ಸಾಹೇಬ್ರು ಕೈ ಕುಲುಕಿ ಕೊಟ್ಟಿದ್ದು." ಕೊನೆಗೊಂದು ಮಾತು ಇದ್ದೇ ಇರುತ್ತಿತ್ತು. "ನಮ್ಮಪ್ಪ ಬೊಮ್ಮಪ್ಪ ಸಾಯೋಗಂಟ ಕಲ್ಲು ಒಡ್ದು ಚುಟ್ಟಾ ಸೇದ್ದ. ಅವನ ಮಗನ ಮನೇಲಿ ಸಿಗಾರು ಐತೆ." ಕೇಳುವವರು ಹೌದು ಹೌದು ಎನ್ನುತ್ತಿದ್ದರು. ಗಂಗಲಕ್ಷ್ಮಮ್ಮ ಒಳಗೆ ಪಾತ್ರೆ ತಿಕ್ಕುತ್ತಾ, ಅಪ್ಪ ಚುಟ್ಟಾ ಮಗ ಸಿಗಾರು, ಸೊಸೆ ಮಾತ್ರ ಸ್ಪಂಜು ಎಂದುಕೊಳ್ಳುತ್ತಿದ್ದಳು. ಹಾಗೆಂದು ಜೋರಾಗಿ ಹೇಳಿದವಳಲ್ಲ. ಆ ಮನುಷ್ಯನ ಮುಖ ಬೇರೆ ಯಾವ ಮಾತಿಗೂ ಹಾಗೆ ಅರಳುತ್ತಿರಲಿಲ್ಲ.

ಮೊದಲ ಸಿಗಾರನ್ನು ಯಾವತ್ತು ಹಚ್ಚಬೇಕೆಂಬುದನ್ನೂ ನಿಶ್ಚಯ ಮಾಡಿದ್ದ. ಹೊರದೇಶದಲ್ಲಿ ಮಗು ಹುಟ್ಟಿದರೆ ಸಿಗಾರು ಹಚ್ಚುತ್ತಾರೆಂದು ಮೆನನ್ ಸಾಹೇಬರು ಹೇಳಿದ್ದರು. ಮಗಳು ಮಂಜುಶ್ರೀಯನ್ನು ಸಿರಾದ ಪ್ರಸನ್ನ ಕುಮಾರ್‌ಗೆ ಕೊಟ್ಟ ವರ್ಷವೇ ಅವನು ಕೆಂಪು ಉಂಗುರದ ಸಿಗಾರಿನ ಕಡೆ ಬೆರಳು ತೋರಿಸಿ, ಮೊಮ್ಮಗು ಹುಟ್ಟಿದ ದಿನ ಇದು ಎಂದುಬಿಟ್ಟ. ವರ್ಷ ಕಳೆಯಿತು, ಎರಡಾಯಿತು. ಮೊಮ್ಮಗು ಬರಲಿಲ್ಲ. ಬಂದದ್ದು ಲಕ್ವ.

ಅದು ಸಂಕ್ರಾಂತಿಗೆ ಮುಂಚಿನ ವಾರ. ಕಾರು ತೊಳೆಯುತ್ತಿದ್ದವನು ಬಕೆಟ್ಟಿನ ಪಕ್ಕದಲ್ಲೇ ಕುಸಿದ. ಬಲಗೈ, ಬಲಗಾಲು ಹೋದವು. ತುಮಕೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ನಡುವೆ ಒಮ್ಮೆ ನಾದಿನಿಯನ್ನು ಅಲ್ಲಿ ಕೂರಿಸಿ, ಬಟ್ಟೆಬರೆ ತರಲು ಗಂಗಲಕ್ಷ್ಮಮ್ಮ ಊರಿಗೆ ಬಂದಳು. ಬೀಗ ತೆಗೆದರೆ ತೊಟ್ಟಿಯ ಮುಳ್ಳು ಮೂವತ್ತಕ್ಕೆ ಬಿದ್ದಿತ್ತು. ಕೆಂಪು ಬಟ್ಟೆಯ ಮೇಲೆ ಸಣ್ಣ ಕಂದು ಹಿಟ್ಟು ಉದುರಿತ್ತು. ಒಂದು ಸಿಗಾರನ್ನು ಎತ್ತಿ ನೋಡಿದರೆ ಸೂಜಿಯಲ್ಲಿ ಚುಚ್ಚಿದಂಥ ತೂತು. ಇನ್ನೊಂದರಲ್ಲಿ ಮೂರು. ಹುಳ ಬಿದ್ದಿತ್ತು.

ಯಾರನ್ನು ಕೇಳುವುದು? ಮೆನನ್ ಸಾಹೇಬರ ನಂಬರು ಗಂಡನ ಫೋನಿನಲ್ಲಿತ್ತು, ಫೋನು ಆಸ್ಪತ್ರೆಯಲ್ಲಿತ್ತು. ಕೇಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಹುಳ ಬಿದ್ದದ್ದನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಿಲ್ಲವೇ? ತೊಗರಿಗೆ, ಅವರೆಗೆ, ಹುರುಳಿಗೆ ಅವಳ ಅವ್ವ ಮಾಡುತ್ತಿದ್ದುದನ್ನೇ ಮಾಡಿದಳು. ಹದಿನಾಲ್ಕನ್ನೂ ಮೊರದಲ್ಲಿ ಹರಡಿ ಎರಡು ದಿನ ತಾರಸಿಯ ಮೇಲೆ ಬಿಸಿಲಿಗಿಟ್ಟಳು. ಒಂದೊಂದನ್ನೂ ತಟ್ಟಿ, ಹುಳ ಉದುರಿಸಿ, ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಮಗುವಿಗೆ ಹಚ್ಚುವಷ್ಟು ಮೆತ್ತಗೆ ಸವರಿದಳು. ಅಡಿಗೆ ಬೇವಿನ ಸೊಪ್ಪು ಹಾಸಿ, ಬಟ್ಟೆ ಹೊದಿಸಿ, ಮತ್ತೆ ಸಾಲಾಗಿ ಮಲಗಿಸಿದಳು. ಬೆನ್ನು ಬಿದ್ದುಹೋಗಿತ್ತು. ಗಂಡನ ಆಸ್ತಿಯನ್ನು ಉಳಿಸಿದೆನಲ್ಲ ಎಂಬ ಸಮಾಧಾನದಲ್ಲಿ ತುಮಕೂರಿನ ಬಸ್ಸಿನಲ್ಲಿ ಕೂತು ನಿದ್ದೆ ಹೋದಳು.

ಓಬಳರಾಜು ಮನೆಗೆ ಬಂದ ದಿನ, ಮಂಚವನ್ನು ತೊಟ್ಟಿಗೆ ಎದುರಾಗಿ ಹಾಕಿಸಿಕೊಂಡ. ನೋಡಿದ. ಸೊಟ್ಟಗಾದ ಬಾಯಲ್ಲೇ ನಕ್ಕ.

"ಲೇ, ಹೊಸಾವಂಗೆ ಹೊಳೀತಾವಲ್ಲೇ! ಬಲು ಚೆಂದಾಗಿ ನೋಡ್ಕೊಂಡಿದ್ದೀಯ ಕಣೇ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದು ಎರಡನೆಯ ಹೊಗಳಿಕೆ. ಮೊದಲನೆಯದು ಯಾವುದೋ ಕಾಲದ ಹುರುಳಿ ಬಸ್ಸಾರಿಗೆ. ಅವಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಖುಷಿ ಹದಿನೈದು ದಿನ ಇತ್ತು. ಅವನು ನಿದ್ದೆ ಮಾಡುತ್ತಿದ್ದಾಗ ಧೂಳು ಒರೆಸಲು ಕೆಂಪು ಉಂಗುರದ್ದನ್ನು ಎತ್ತಿದಳು. ಒಣಗಿದ ನುಗ್ಗೆಕಾಯಿಯಂತೆ ಟಪ್ಪೆಂದು ಎರಡು ತುಂಡಾಯಿತು. ಒಳಗೆ ಎಲೆಯಿರಲಿಲ್ಲ, ನಶ್ಯದ ಪುಡಿಯಿತ್ತು. ಕಮಟಿದ ಹರಳೆಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಇನ್ನೊಂದನ್ನು ಮೆಲ್ಲಗೆ ಒತ್ತಿ ನೋಡಿದಳು. ಅದೂ ಹಾಗೆಯೇ. ಎಲ್ಲವೂ ಹಾಗೆಯೇ. ಬಿಸಿಲು ಅವನ್ನು ಕೊಂದಿತ್ತು, ಎಣ್ಣೆ ಹೆಣಕ್ಕೆ ಶೃಂಗಾರ ಮಾಡಿತ್ತು. ಮುರಿದ ಎರಡು ತುಂಡುಗಳನ್ನು ಉಂಗುರದ ಅಡಿಯಲ್ಲಿ ಜೋಡಿಸಿ ಮಲಗಿಸಿ, ಮುಚ್ಚಳ ಹಾಕಿ, ಅಡುಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿ ಅತ್ತಳು.

ಹೇಳಬೇಕಾಗಿತ್ತು. ಹೇಳಲಿಲ್ಲ. ಹಾಸಿಗೆ ಹಿಡಿದ ಮನುಷ್ಯ ಕಣ್ಣು ಬಿಟ್ಟರೆ ಕಾಣುವುದು ಅದೊಂದೇ. ಅದನ್ನೂ ನಾನೇ ತೆಗೆದೆ ಎಂದು ಯಾವ ಬಾಯಲ್ಲಿ ಹೇಳುವುದು? ಅಂದಿನಿಂದ ಅವಳು ಸತ್ತ ಸಿಗಾರುಗಳಿಗೆ ದಿನವೂ ನೀರು ಕೊಡುತ್ತಾ ಬಂದಳು. ಗೊತ್ತಿಲ್ಲದೆ ಮಾಡುವ ಚಾಕರಿಯಲ್ಲಿ ಇಷ್ಟು ಸುಸ್ತಿಲ್ಲ. ವ್ಯರ್ಥವೆಂದು ಗೊತ್ತಿದ್ದೂ ಮಾಡುವುದಿದೆಯಲ್ಲ, ಅದು ಮೂಳೆಗೆ ಇಳಿಯುತ್ತದೆ. ಸ್ಪಂಜು ಮುಗಿಸಿ, ಅವನನ್ನು ಬಚ್ಚಲಿಗೆ ನಡೆಸಿ, ಕೊಳಾಲದ ಕಡೆಯ ನಾಟಿ ವೈದ್ಯರು ಕಾಯಿಸಿಕೊಟ್ಟ ಎಣ್ಣೆಯನ್ನು ಬಲಗೈಗೂ ಬಲಗಾಲಿಗೂ ಅರ್ಧ ಗಂಟೆ ತಿಕ್ಕಿ, ಅಷ್ಟರಲ್ಲಿ ಆರಿಹೋದ ಕಾಫಿಯನ್ನು ಕುಡಿದು, ಒಂಬತ್ತಕ್ಕೆ ಶಾಲೆಗೆ ಓಡುವಳು. ಅಲ್ಲಿ ಬಿಸಿಯೂಟದ ಅಡುಗೆ. ಎಂಬತ್ತು ಮಕ್ಕಳಿಗೆ ಅನ್ನ, ಸಾಂಬಾರು. ಅವನ ಕಾಲು ಸ್ವಲ್ಪ ಬಂತು. ಕೋಲು ಹಿಡಿದು ಜಗುಲಿಯವರೆಗೆ ನಡೆಯುತ್ತಾನೆ. ಕೈ ಬರಲಿಲ್ಲ.

ಹೀಗೆ ಮೂರು ವರ್ಷ ಎಳೆದ ಮೇಲೆ, ಕಳೆದ ಗುರುವಾರ ಸಿರಾದಿಂದ ಫೋನು ಬಂತು. ಮಂಜುಶ್ರೀಗೆ ಹೆಣ್ಣು ಮಗು. ತಾಯಿ ಮಗು ಕ್ಷೇಮ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಬಾಣಂತನ ಹೇಗೆ ಮಾಡುತ್ತೀರಿ, ನಾವೇ ನೋಡಿಕೊಳ್ಳುತ್ತೇವೆ ಎಂದು ಬೀಗರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ಒಳ್ಳೆಯತನ ಗಂಗಲಕ್ಷ್ಮಮ್ಮನಿಗೆ ಚುಚ್ಚಿತ್ತು. ಆದರೂ ಮಗುವಿನ ಫೋಟೋ ನೋಡಿ ಕಣ್ಣು ತುಂಬಿ ಬಂತು. ತಲೆಯೆತ್ತಿದರೆ ಗಂಡ ತೊಟ್ಟಿಯ ಕಡೆ ನೋಡುತ್ತಿದ್ದ.

"ಶನಿವಾರ ನಿಂಗೆ ಮಧ್ಯಾನ್ಕೇ ಸ್ಕೂಲು ಬುಡ್ತದಲ್ಲ. ಅವತ್ತು ಹಚ್ಚಾನ. ಕೆಂಪು ಉಂಗುರದ್ದು."

"ಡಾಕ್ಟ್ರು ಬ್ಯಾಡ ಅಂದವ್ರೆ."

"ಒಂದೇ ಒಂದು ದಮ್ಮು ಕಣೇ. ಒಂಬತ್ ವರ್ಷದಿಂದ ನೋಡ್ಕಂಡಿದ್ದೀನಿ. ಅದರ ರುಚಿ ಹೆಂಗಿರ್ತದೆ ಅಂತ ಒಂದ್ಸಲ ಗೊತ್ತಾದ್ರೆ ಸಾಕು."

ಅವಳು ಫೋನು ಕೆಳಗಿಟ್ಟಳು. ಕೈಗೆ ಕೊಟ್ಟರೆ ಅವನ ಬೆರಳಲ್ಲೇ ಪುಡಿಯಾಗುತ್ತದೆ. ಹಚ್ಚಿದರೆ ಹರಳೆಣ್ಣೆ ಊರೆಲ್ಲ ನಾರುತ್ತದೆ.

ಮಾರನೆಯ ದಿನ ಶಾಲೆಗೆ ರಜೆ ಹೇಳಿ, ಮಾತ್ರೆ ತರುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಪಾವಗಡದ ಬಸ್ಸು ಹತ್ತಿದಳು. ಸಿಗಾರು ಅಲ್ಲೆಲ್ಲಿ ಸಿಗಬೇಕು? ಅವಳು ಹುಡುಕಿಕೊಂಡು ಹೋದದ್ದು ಬೇರೆಯದನ್ನೇ. ಸಂತೆ ಬೀದಿಯಲ್ಲಿ ಗಂಗಯ್ಯ ಎಂಬುವವನ ಹಳೆಯ ಹೊಗೆಸೊಪ್ಪಿನ ಅಂಗಡಿಯಿದೆ. ಮಾವ ಬೊಮ್ಮಪ್ಪ ಅಲ್ಲಿಂದಲೇ ತರಿಸುತ್ತಿದ್ದುದು.

"ಏಮಮ್ಮಾ, ಏಂ ಕಾವಾಲಿ?" ಎಂದ ಗಂಗಯ್ಯ, ತೆಲುಗಿನಲ್ಲಿ ಶುರುಮಾಡಿ ಅವಳ ಮುಖ ನೋಡಿ ಕನ್ನಡಕ್ಕೆ ಇಳಿದ. "ಏನ್ ಕೊಡ್ಲಮ್ಮಾ?"

"ಚುಟ್ಟಾ ಕೊಡಿ. ಇರೋದ್ರಲ್ಲಿ ದಪ್ಪನಾದ್ದು."

"ಎಡೆ ಇಡಾಕೇನಮ್ಮಾ? ಈಗ ಸೇದೋರು ಯಾರವ್ರೆ! ಹಿರೇರ ಹಬ್ಬದಾಗ ಸತ್ತೋರ ಎಡೆಗೆ ಒಯ್ತಾರೆ, ಅಷ್ಟೇ ನನ್ ಯಾಪಾರ."

"ಅಲ್ಲ. ಬದುಕಿರೋರಿಗೇ."

ಅವನು ನಾಲ್ಕು ಚುಟ್ಟಾ ಕಾಗದದಲ್ಲಿ ಸುತ್ತಿಕೊಟ್ಟ. ದಾರಿಯುದ್ದಕ್ಕೂ ಅದು ಅವಳ ಬ್ಯಾಗಿನಲ್ಲಿ ಮಾವನ ವಾಸನೆ ಬೀರುತ್ತಾ ಕೂತಿತ್ತು. ಆ ವಾಸನೆ ಅವಳಿಗೇ ಗುರುತು ಸಿಕ್ಕಿತು. ಗಂಡನಿಗೂ ಸಿಗುತ್ತದೆಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಹರಳೆಣ್ಣೆ ನಾರಬಾರದು, ಪುಡಿಯಾಗಬಾರದು. ಅವಳ ತಲೆ ಅಷ್ಟರಲ್ಲೇ ಸುತ್ತುತ್ತಿತ್ತು.

ಶನಿವಾರ ಅವನು ಬಚ್ಚಲಿನಲ್ಲಿದ್ದಾಗ ಮುರಿದ ಸಿಗಾರಿನಿಂದ ಕೆಂಪು ಉಂಗುರವನ್ನು ಜಾರಿಸಿ, ಚುಟ್ಟಾದ ಸೊಂಟಕ್ಕೆ ತೊಡಿಸಿದಳು. ಚುಟ್ಟಾ ಸಣ್ಣಗಿತ್ತು. ಉಂಗುರ ಸಡಿಲವಾಯಿತು. ಬಿಡಿಸಿ, ಬಿಗಿಯಾಗಿ ಸುತ್ತಿ, ಅನ್ನದ ಅಗುಳು ಅರೆದು ಅಂಟಿಸಿದಳು. ಮುರಿದ ತುಂಡುಗಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು.

ಓಬಳರಾಜು ಬಿಳಿ ಅಂಗಿ ಹಾಕಿಸಿಕೊಂಡ. ಡ್ಯೂಟಿಯ ಅಂಗಿ, ಮೂರು ವರ್ಷದಿಂದ ಮಡಿಸಿಟ್ಟದ್ದು. ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಪಕ್ಕದ ಮನೆಯ ದೊಡ್ಡರಂಗಪ್ಪನನ್ನು ಕರೆಸಿದ. ದೊಡ್ಡರಂಗಪ್ಪ ಎಂಬತ್ತರ ಮುದುಕ, ಬೊಮ್ಮಪ್ಪನ ಜೊತೆಗಾರ. ಮೊಮ್ಮಗಳು ಹುಟ್ಟಿದ್ದಕ್ಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, ಎದುರಿನ ಕಟ್ಟೆಯ ಮೇಲೆ ಕೂತ.

ಗಂಗಲಕ್ಷ್ಮಮ್ಮ ತಟ್ಟೆಯಲ್ಲಿಟ್ಟು ತಂದುಕೊಟ್ಟಳು. ಓಬಳರಾಜು ಎಡಗೈಯಲ್ಲಿ ಎತ್ತಿಕೊಂಡ. ಉಂಗುರ ನೋಡಿದ. ಬಾಯಿಗಿಟ್ಟ. ಅವಳು ಕಡ್ಡಿ ಗೀರಿದಳು. ಅವನು ಕಣ್ಣು ಮುಚ್ಚಿ ಎಳೆದ. ಕೆಮ್ಮು ಬಂತು, ತಡೆದುಕೊಂಡು ಇನ್ನೊಂದು ಸಲ ಎಳೆದ. ಹೊಗೆ ಕಟ್ಟೆಯ ಕಡೆ ಹೋಯಿತು.

ದೊಡ್ಡರಂಗಪ್ಪ ಮೂಗು ಅರಳಿಸಿ ನಕ್ಕ. "ಏನ್ಲಾ ಓಬಳಾ, ನಮ್ ಬೊಮ್ಮಣ್ಣ ಬಂದು ಪಕ್ಕದಾಗೆ ಕುಂತಂಗಾಯ್ತಲ್ಲೋ! ಅದೇ ವಾಸ್ನೆ ಕಣ್ಲಾ. ಅವನ ಚುಟ್ಟಾ ವಾಸ್ನೆನೇ!"

ಮುದುಕ ಸಂತೋಷದಿಂದಲೇ ಹೇಳಿದ. ಹಳೆಯ ಗೆಳೆಯನ ನೆನಪಾಗಿ ಅವನ ಕಣ್ಣೂ ಒದ್ದೆಯಾಗಿತ್ತು. ಓಬಳರಾಜು "ಹೂಂ" ಎಂದ. ಮತ್ತೆ ಎಳೆಯಲಿಲ್ಲ. ಮುದುಕ ಎದ್ದುಹೋಗುವವರೆಗೂ ಅದನ್ನು ಬೆರಳ ನಡುವೆ ಹಿಡಿದು, ತಾನಾಗಿ ಆರುವವರೆಗೆ ಕೂತಿದ್ದ.

"ಇಷ್ಟೇನೇನೇ?" ಎಂದ ಆಮೇಲೆ. "ಚಿಕ್ಕಂದಿನಾಗೆ ಅಪ್ಪನ ಚುಟ್ಟಾ ಕದ್ದು ಸೇದಿದ್ದೆ. ಇದೂ ಅದೇ ಕಣೇ. ಒಂದ್ ಚೂರೂ ಬ್ಯಾರೆ ಇಲ್ಲ. ಇದಕ್ಕೇನೇ ನಾನು ಇಷ್ಟ್ ವರ್ಷ…"

ನಿಜ ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಹೇಳಿದ.

"ತೆಗ್ದಾಕ್ಬುಡು ಎಲ್ಲಾನೂವೆ. ತೊಟ್ಟೀನ ಸ್ಕೂಲಿಗೆ ಕೊಡು, ಮಕ್ಳು ಮೀನು ಬುಟ್ಕಳ್ಳಿ. ನಾಳಿಂದ ನೀನು ಆ ಸ್ಪಂಜು ನೆನೆಸೋದು ಬ್ಯಾಡ. ಸುಮ್ನೆ ನಿಂಗೆ ಇಷ್ಟ್ ದಿನ ಕಷ್ಟ ಕೊಟ್ಟೆ."

ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಯಿತು. ಒಂಬತ್ತು ವರ್ಷದಿಂದ ಅವಳು ಕಾಯುತ್ತಿದ್ದ ಮಾತು ಅದು. ತೊಟ್ಟಿಯನ್ನು ಹಿತ್ತಲ ಕೋಣೆಗೆ ಸಾಗಿಸಿ ಮೇಲೊಂದು ಗೋಣಿಚೀಲ ಹೊದಿಸಿದಳು.

ಭಾನುವಾರ ಬೆಳಕು ಹರಿದ ಮೇಲೆ ಎದ್ದಳು. ಮೊದಲು ಕಾಫಿ ಮಾಡಿಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಹೊಗೆಯಾಡುವ ಹಾಗೆಯೇ ಕುಡಿದಳು. ಎದುರಿಗೆ ಬೆಟ್ಟ, ಬೆಟ್ಟದ ಮೇಲೆ ಕೋಟೆಯ ಗೋಡೆಗೆ ಬಿಸಿಲು ಹತ್ತುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನೋಡಿದ ಬೆಟ್ಟ, ಸುಮ್ಮನೆ ಕೂತು ನೋಡಿ ಎಷ್ಟು ಕಾಲವಾಗಿತ್ತೋ. ಹಾಯೆನಿಸಿತು. ತಪ್ಪು ಮುಚ್ಚಿಹೋಯಿತು, ಚಾಕರಿ ತಪ್ಪಿತು, ಯಾರಿಗೂ ನಷ್ಟವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಒಳಗೆ ಹೋದರೆ ಓಬಳರಾಜು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಣ್ಣೆ ಬಟ್ಟಲು ತಂದಾಗ, "ಬ್ಯಾಡ ಬುಡು" ಎಂದ. ನೋವಾ ಎಂದು ಕೇಳಿದಳು. ಇಲ್ಲ ಎಂದ. ಮಂಜುಶ್ರೀ ವಿಡಿಯೋ ಕಾಲ್ ಮಾಡಿ ಮಗುವಿನ ಮುಖ ತೋರಿಸಿದಳು. ನೋಡಿ, ಚೆನ್ನಾಗವ್ಳೆ ಎಂದು ಫೋನು ಹೆಂಡತಿಗೆ ಕೊಟ್ಟುಬಿಟ್ಟ. ಸೋಮವಾರವೂ ಅಷ್ಟೇ. ಬಡವನಹಳ್ಳಿಯಿಂದ ಅವನ ಜೊತೆ ಡ್ರೈವರಾಗಿದ್ದವನೊಬ್ಬ ನೋಡಲು ಬಂದ. ತೊಟ್ಟಿ ಎಲ್ಲಿ ಎಂದು ಕೇಳಿದ.

"ಅದೇನ್ ಮಹಾ. ಚುಟ್ಟಾ ಅವು," ಎಂದ ಓಬಳರಾಜು. ಬಂದವನು ಹೋದಮೇಲೆ ಗೋಡೆಗೇ ಹೇಳುವವನಂತೆ ಹೇಳಿದ. "ಎಲ್ಲಾ ಸುತ್ತಿ ನಮ್ಮಪ್ಪ ನಿಂತಿದ್ದ ಜಾಗಕ್ಕೇ ಬಂದು ಬಿದ್ದೆ. ಇಷ್ಟೇ ನಂದು."

ಗಂಗಲಕ್ಷ್ಮಮ್ಮ ಆ ಮಾತನ್ನು ಕೇಳಿಸಿಕೊಂಡು ಹೊಸಿಲ ಮೇಲೆ ನಿಂತಳು. ಸಿಗಾರು ಹಾಳು ಮಾಡಿದ್ದು ಗೊತ್ತಿಲ್ಲದೆ ಆದದ್ದು. ಇದು ಹಾಗಲ್ಲ. ಆ ಮನುಷ್ಯ ಇಡೀ ಆಯಸ್ಸಿನಲ್ಲಿ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿದ್ದೆ ಎಂದು ನಂಬಿದ್ದ. ಆ ಮೆಟ್ಟಿಲನ್ನು ಅವಳು ಒಂದು ಲೋಟ ಬಿಸಿ ಕಾಫಿಗೆ ಮಾರಿದ್ದಳು. ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು. ಎರಡೇ ಎರಡು ಬೆಳಗು ಸಿಕ್ಕಿತ್ತು, ಅದನ್ನೂ ನೆಮ್ಮದಿಯಾಗಿ ಅನುಭವಿಸಲು ಬಿಡಲಿಲ್ಲವಲ್ಲ ಈ ಗಂಡಸು ಎಂದು.

ಮಂಗಳವಾರ ಬೆಳಿಗ್ಗೆ ಅಕ್ಕಿ ಡಬ್ಬಿಯ ಹಿಂದಿನಿಂದ ಮುರಿದ ತುಂಡುಗಳನ್ನು ತಂದು, ತಟ್ಟೆಯಲ್ಲಿಟ್ಟು, ಅವನ ಮುಂದೆ ಹಿಡಿದಳು.

"ನೀವು ಸೇದಿದ್ದು ಮೆನನ್ ಸಾಹೇಬ್ರುದ್ದಲ್ಲ. ಪಾವಗಡದ ಚುಟ್ಟಾ. ಸಾಹೇಬ್ರುದ್ದು ಇದು."

ಅವನು ತಿರುಗಿ ಎದ್ದು ಕೂತ. ಅವಳು ನಿಂತೇ ಎಲ್ಲ ಹೇಳಿದಳು: ಹುಳ ಬಿದ್ದದ್ದು, ಬಿಸಿಲಿಗಿಟ್ಟದ್ದು, ಹರಳೆಣ್ಣೆ ಸವರಿದ್ದು, ಮುರಿದದ್ದು, ಮುಚ್ಚಿಟ್ಟದ್ದು, ಉಂಗುರ ಬದಲಿಸಿದ್ದು. ಒಂದೂ ಬಿಡಲಿಲ್ಲ.

"ಹರಳೆಣ್ಣೆ?" ಎಂದ ಓಬಳರಾಜು.

"ಹೂಂ."

"ಹದಿನಾಲ್ಕಕ್ಕೂ?"

"ಹದಿನಾಲ್ಕಕ್ಕೂ."

ಆಮೇಲೆ ಅವನು ಬೈದ ಬೈಗುಳ ದೊಡ್ಡರಂಗಪ್ಪನ ಮನೆಗೆ ಕೇಳಿಸಿತು. ತೊಗರಿಬೇಳೆಗೂ ಸಿಗಾರಿಗೂ ವ್ಯತ್ಯಾಸ ಗೊತ್ತಿಲ್ಲದವಳೇ ಎಂದ, ನಿನ್ನನ್ನು ಕಟ್ಟಿಕೊಂಡ ದಿನ ನನ್ನ ಬುದ್ಧಿ ಎಲ್ಲಿತ್ತು ಎಂದ, ನಿನ್ನ ಅವ್ವನ ಮನೆಯ ಮೊರಕ್ಕೆ ಬೆಂಕಿ ಹಾಕ ಎಂದ. ಮೂರು ವರ್ಷದಲ್ಲಿ ಅವನ ಗಂಟಲು ಅಷ್ಟು ನೆಟ್ಟಗೆ ಹೊರಟಿರಲಿಲ್ಲ. ಗಂಗಲಕ್ಷ್ಮಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಗುಳ ಮುಗಿದು ಅವನಿಗೆ ಏದುಸಿರು ಬಂತು. ಎಡಗೈಯಿಂದ ತಟ್ಟೆಯಲ್ಲಿದ್ದ ಒಂದು ತುಂಡನ್ನು ಎತ್ತಿ, ಮೂಗಿಗೆ ಹಿಡಿದು, ಮುಖ ಕಿವುಚಿದ.

"ಅಂದ್ರೆ ನಾನು ಸೇದಿದ್ದು ಇದಲ್ಲ."

"ಅಲ್ಲ."

"ಹಂಗಾದ್ರೆ ಇದರ ರುಚಿ ಹೆಂಗಿತ್ತು ಅಂತ ನಂಗೆ ಗೊತ್ತೇ ಇಲ್ಲ."

"ಇಲ್ಲ."

ಅವನು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖದಲ್ಲಿ ಏನೋ ಸಡಿಲವಾಯಿತು. "ಚುಟ್ಟಾದಂಗೆ ಇರೋಕೆ ಸಾಧ್ಯನೇ ಇಲ್ಲ ಕಣೇ ಇದು," ಎಂದ, ತನಗೆ ತಾನೇ. "ಏನೋ ಬ್ಯಾರೆ ತರಾನೇ ಇದ್ದಿರಬೇಕು." ತುಂಡನ್ನು ತಟ್ಟೆಗೆ ಹಾಕಿ ಕೇಳಿದ. "ತೊಟ್ಟಿ ಸ್ಕೂಲಿಗೆ ಕೊಟ್ಬುಟ್ಯಾ?"

"ಇಲ್ಲ. ಹಿತ್ತಲ ಕ್ವಾಣೇಲೈತೆ."

"ತಂದು ಇದ್ ಜಾಗಕ್ಕೆ ಇಡು. ಉಂಗುರ ವಾಪಸ್ ಅಂಟ್ಸು."

ತಂದಳು. ಎರಡು ಸಲ ದಾರಿಯಲ್ಲಿ ಇಳಿಸಿ, ಸೊಂಟ ಹಿಡಿದುಕೊಂಡು ತಂದಳು. ಗೋಣಿಚೀಲ ತೆಗೆದು, ಗಾಜು ಒರೆಸಿ, ಕೆಂಪು ಬಟ್ಟೆ ಸರಿಮಾಡಿ, ಮುರಿದದ್ದನ್ನು ಜೋಡಿಸಿ, ಆರಿದ ಚುಟ್ಟಾದಿಂದ ಬಿಡಿಸಿದ ಉಂಗುರ ಸುತ್ತಿ ಮಲಗಿಸಿದಳು. ಮುಗಿಯಿತೆಂದು ಅಡುಗೆಮನೆಗೆ ಹೊರಟವಳನ್ನು ಅವನ ದನಿ ತಡೆಯಿತು.

"ಮುಳ್ಳು ಎಲ್ಲೈತೆ?"

ಅವಳು ತಿರುಗಿ ನಿಂತಳು. "ಮೂವತ್ತೆರಡು."

"ಸ್ಪಂಜು ಒಣಗೋಗಿರ್ತದೆ ನೋಡು."

ಇಷ್ಟು ಹೊತ್ತು ತಗ್ಗಿದ್ದ ತಲೆ ಆಗ ಮೇಲೆದ್ದಿತು. "ಸತ್ತೋಗವೆ ಕಣ್ರೀ ಅವು! ಒಳಗೆ ಬರೀ ಬೂದಿ. ಈಗ ನಿಮಗೂ ಗೊತ್ತು, ನಂಗೂ ಗೊತ್ತು. ಇನ್ನೂ ಯಾತಕ್ಕೆ ನೀರು ಹುಯ್ಯಬೇಕು ನಾನು? ನಂಗೂ ಸಾಕಾಗೈತೆ."

ಓಬಳರಾಜು ಕೋಪ ಮಾಡಿಕೊಳ್ಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಎಣ್ಣೆ ಕುಡಿದು ಕುಡಿದು ನುಣ್ಣಗಾಗಿ ಹೊಳೆಯುವ ಕೈ.

"ಇದಕ್ಕೂ ದಿನಾ ಸವರ್ತೀಯಲ್ಲ," ಎಂದ ಮೆಲ್ಲಗೆ. "ಬರಲ್ಲ ಅಂತ ಇಬ್ರಿಗೂ ಗೊತ್ತು."

ಅವಳು ಅಡುಗೆಮನೆಗೆ ಹೋಗಿ ಕ್ಯಾನು ಬಗ್ಗಿಸಿದಳು. ತಳದಲ್ಲಿ ಒಂದು ಲೋಟ ನೀರಿತ್ತು. ಕುಡಿಯಬೇಕೆನಿಸಿತು, ಕುಡಿಯಲಿಲ್ಲ. ಸ್ಪಂಜನ್ನು ಅದ್ದಿದಳು, ಒಂದು ಸಲ ಹಿಂಡಿದಳು, ಇನ್ನೊಂದು ಸಲ ಹಿಂಡಿದಳು. ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಎಣ್ಣೆ ಬಟ್ಟಲು ಹಿಡಿದು ಮಂಚದ ಪಕ್ಕ ಕೂತಳು. ಅವನು ತಾನಾಗಿಯೇ ಕೈಯನ್ನು ಅವಳ ಮಡಿಲಿಗೆ ಎತ್ತಿಟ್ಟ. ಒಲೆಯ ಪಕ್ಕದಲ್ಲಿ ಅವಳ ಕಾಫಿ ಆರುತ್ತಿತ್ತು.